ತಾಮ್ರಪಟ ಅಸಲಿಯೇ? ಪ್ಲಾಸ್ಮಾ ಹೇಳೋದು ಅರ್ಧ ಮಾತ್ರ

ತಾಮ್ರಶಾಸನ ಪ್ರಕಟಿಸುವಾಗ ಫಲಕಗಳೆಷ್ಟು, ಅಳತೆ, ತೂಕ, ಉಂಗುರ, ಮುದ್ರೆ ಎಲ್ಲ ಬರೆಯುತ್ತೇವೆ. ಲೋಹದಲ್ಲಿ ಏನೇನಿದೆ ಅನ್ನೋದು ಸಾಮಾನ್ಯವಾಗಿ ಬಿಟ್ಟೇ ಹೋಗಿರುತ್ತೆ. ಗಂಗರ ಹಲವು ತಾಮ್ರಪಟಗಳು ಕೂಟಶಾಸನಗಳೆಂದು ಫ್ಲೀಟ್ ವಾದಿಸಿದರು, ರೈಸ್ ಒಪ್ಪಲಿಲ್ಲ. ಆ ಜಗಳ ನಡೆದದ್ದು ಲಿಪಿ, ತಿಥಿ, ವಂಶಾವಳಿಗಳ ಮೇಲೆ.

ಈಗ ಐಸಿಪಿ ಇದೆ. ಕೆಲವು ಮಿಲಿಗ್ರಾಂ ಲೋಹವನ್ನು ಆಮ್ಲದಲ್ಲಿ ಕರಗಿಸಿ, ಸುಮಾರು 6,000ದಿಂದ 10,000 ಕೆಲ್ವಿನ್ ಕಾವಿನ ಆರ್ಗಾನ್ ಪ್ಲಾಸ್ಮಾಕ್ಕೆ ಸಿಂಪಡಿಸಿದರೆ ಪ್ರತಿ ಧಾತುವೂ ತನ್ನದೇ ತರಂಗಾಂತರಗಳಲ್ಲಿ ಬೆಳಕು ಬೀರುತ್ತೆ. ತಾಮ್ರದ ಮುಖ್ಯ ಗೆರೆ 324.75 ನ್ಯಾನೋಮೀಟರ್. ಸೀಸ, ಆರ್ಸೆನಿಕ್, ಬೆಳ್ಳಿ ಅತ್ಯಲ್ಪ ಇದ್ದರೂ ಸಿಕ್ಕಿಬೀಳುತ್ತವೆ.

ಆದರೆ “ಲ್ಯಾಬಿಗೆ ಕೊಡಿ, ಕಾಲ ಗೊತ್ತಾಗುತ್ತೆ” ಅನ್ನೋ ಮಾತು ಒಪ್ಪುವಂಥದ್ದಲ್ಲ. ಕಲ್ಮಶ ಹೆಚ್ಚುಕಡಿಮೆ ಇಲ್ಲದ ಶೇ. 99.99 ತಾಮ್ರ ಕಂಡರೆ, 19ನೇ ಶತಮಾನದ ಉತ್ತರಾರ್ಧದಲ್ಲಿ ಬಂದ ವಿದ್ಯುತ್ ಶುದ್ಧೀಕರಣದ ಲೋಹವೆಂದು ಬಲವಾಗಿ ಅನುಮಾನಿಸಬಹುದು. ಕಲ್ಮಶ ಇದ್ದರೆ? ಯಾರೋ ಹಳೇ ಬಿಂದಿಗೆ ಕರಗಿಸಿ ಹೊಸ ದಾನ ಕೆತ್ತಿಸಿರಬಹುದು. ಯಳಂದೂರಿನ ಬಳೇಮಂಟಪದ ಕಲ್ಲನ್ನೇ ಪರೀಕ್ಷಿಸಿದರೂ ಸಿಗೋದು ಬಂಡೆಯ ರಸಾಯನ, ಉಳಿ ಬಿದ್ದ ವರ್ಷವಲ್ಲ.

ಮೇಲಾಗಿ ಮಾದರಿಗೆ ಫಲಕವನ್ನು ಕೊರೆಯಬೇಕು. ಹೋದ ಅಕ್ಷರ ಮತ್ತೆ ಬಾರದು. ಹಾಗಾಗಿ ಸಂಪಾದಕರು ಮೊದಲು ಪಾಠ ಓದಲಿ, ಅನುಮಾನ ಉಳಿದರೆ ಬರಹವಿಲ್ಲದ ಅಂಚಿನಿಂದ ಚೂರು ತೆಗೆಯಲಿ, ಬಂದ ಅಂಕಿಗಳನ್ನು ತೂಕದ ಪಕ್ಕದಲ್ಲೇ ಅಚ್ಚು ಹಾಕಲಿ.