ಪಂಚಭದ್ರವೂ ಪಂಚಕಲ್ಯಾಣಿಯೂ

12ನೆಯ ಶತಮಾನದ ಹೇಮಚಂದ್ರನು ಅಭಿಧಾನಚಿಂತಾಮಣಿಯಲ್ಲಿ ಕೊಟ್ಟಿರುವ ಅಶ್ವನಾಮಗಳನ್ನು ಬರಿಯ ವರ್ಣವಾಚಕಗಳೆಂದು ತಿಳಿಯುವುದು ಸಾಲದು. ಕಪಿಲವರ್ಣದ ಕುದುರೆಯು ತ್ರಿಯೂಹ. ಅದಕ್ಕೆ ಕೇಸರವೂ ಬಾಲವೂ ಪಾಂಡುವರ್ಣವಾಗಿದ್ದರೆ ವೋಲ್ಲಾಹ. ನಸುಬಿಳಿಯ ಮೈಗೆ ಕರಿಯ ಜಂಘೆಗಳಿದ್ದರೆ ಉರಾಹ. ಹೀಗೆ ಮೈಬಣ್ಣದೊಡನೆ ಕೇಸರ, ಬಾಲ, ಕಾಲುಗಳನ್ನೂ ನೋಡಿ ನಿರ್ಣಯಿಸುವ ಕ್ರಮವು ಇಂದಿನ ಅಶ್ವಪರೀಕ್ಷಕರಿಗೂ ಸಮ್ಮತವಾದುದೇ.

ಈ ಕ್ರಮವನ್ನು ಮರೆತರೆ ಅರ್ಥವು ಕೆಡುವುದು. ಪಂಚಭದ್ರವನ್ನು ಪಂಚಕಲ್ಯಾಣಿಯೆಂದು ವಿವರಿಸುವುದೇ ಇದಕ್ಕೆ ನಿದರ್ಶನ. ರೂಢಿಯ ಪಂಚಕಲ್ಯಾಣಿಗೆ ನಾಲ್ಕು ಕಾಲುಗಳೂ ಮುಖವೂ ಬಿಳುಪು. ಹೇಮಚಂದ್ರನ ಪಂಚಭದ್ರವಾದರೋ ಎದೆ, ಬೆನ್ನು, ಮುಖ, ಎರಡು ಪಕ್ಕಗಳು ಇವುಗಳಲ್ಲಿ ಪುಷ್ಪಿತವಾದುದು. ಕಾಲಿನ ಮಾತೇ ಅಲ್ಲಿಲ್ಲ. ಸಂಖ್ಯೆ ಒಂದೇ, ಕುದುರೆ ಬೇರೆ. ಆದುದರಿಂದ ಕೋಶಕಾರನ ಅಂಗನಿರ್ದೇಶವನ್ನು ಬಿಡದೆ ಅರ್ಥಬರೆಯುವುದೇ ಯುಕ್ತವು.