ಹಗುರ ಹಿಡಿತದ ಬಟ್ಟಲು

ರಸಾಯನಶಾಸ್ತ್ರದಲ್ಲಿ ಚೆಲುವಾದ ಅಣುಗಳಿಗೆ ಬರವಿಲ್ಲ. ಆದರೂ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ಕೂರುವುದು ಕ್ಯಾಲಿಕ್ಸರೀನ್ ಎಂಬ ಪುಟ್ಟ ಬಟ್ಟಲಿನ ಬಳಿ. ನಾಲ್ಕು ಫೀನಾಲ್ ಉಂಗುರಗಳು, ನಡುನಡುವೆ ಒಂದೊಂದು ಇಂಗಾಲದ ಕೊಂಡಿ. ಕೊನೆಯದು ಬಂದು ಮೊದಲನೆಯದರ ಕೈ ಹಿಡಿದರೆ ವೃತ್ತ ಮುಗಿಯಿತು. ಆದರೆ ಅದು ಚಪ್ಪಟೆಯಾಗಿ ಮಲಗುವ ಜಾತಿಯಲ್ಲ. ಉಂಗುರಗಳು ಎದ್ದು ನಿಂತು, ಬುಡದಲ್ಲಿ ಕಿರಿದಾಗಿ, ಬಾಯಲ್ಲಿ ಅಗಲವಾಗಿ, ನವಿರಾಗಿ ಹೊರಕ್ಕೆ ಬಾಗುತ್ತವೆ. ಬುಡದಲ್ಲಿ ನಾಲ್ಕು ಹೈಡ್ರಾಕ್ಸಿಲ್ ಗುಂಪುಗಳು. ಒಂದೊಂದೂ ತನ್ನ ಹೈಡ್ರೋಜನ್ನನ್ನು ಪಕ್ಕದ ಆಮ್ಲಜನಕದತ್ತ ಚಾಚುತ್ತದೆ. ಅದು ಅದರ ಪಕ್ಕದ್ದಕ್ಕೆ. ಹೀಗೆ ಸುತ್ತಲೂ, ಒಂದು ಸುತ್ತು. ಈ ತೆಳ್ಳನೆಯ ಬಂಧಗಳ ಸರವೇ ಬಟ್ಟಲನ್ನು ಬಟ್ಟಲಾಗಿ ನಿಲ್ಲಿಸಿರುವುದು.

ಇಷ್ಟು ಅಚ್ಚುಕಟ್ಟಾದದ್ದು ಹುಟ್ಟಿದ್ದು ಅಂಟು ರಾಳದಲ್ಲಿ. 1872ರಲ್ಲಿ ಅಡಾಲ್ಫ್ ಫಾನ್ ಬೇಯರ್ ಫೀನಾಲನ್ನೂ ಆಲ್ಡಿಹೈಡನ್ನೂ ಕೂಡಿಸಿದಾಗ ಸಿಕ್ಕಿದ್ದು ಏನೆಂದು ಬಗೆಹರಿಯದ ರಾಳ. ಮುಂದೆ ಅದೇ ಜಾಡಿನಲ್ಲಿ ಬೇಕಲೈಟ್ ಬಂತು. 1940ರ ದಶಕದಲ್ಲಿ ಆಸ್ಟ್ರಿಯಾದ ಅಲೋಯ್ಸ್ ಝಿಂಕೆ, ಇಂಥ ರಾಳದಲ್ಲಿ ನಾಲ್ಕರ ವೃತ್ತವೊಂದು ಇರಬೇಕೆಂದು ಊಹಿಸಿದರು. 1970ರ ದಶಕದಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಡೇವಿಡ್ ಗುಚ್ಚೆ, ಕಿಣ್ವದ ಒಳಗುಳಿಯನ್ನು ಅನುಕರಿಸುವ ಅಣುವನ್ನು ಹುಡುಕುತ್ತಾ ಈ ರಾಳದ ಹಾದಿಗೆ ಬಂದರು. ಅವರ ಪಾಕಕ್ರಮ ಓದಲೇ ಸೊಗಸು. ಟರ್ಷಿಯರಿ ಬ್ಯುಟೈಲ್ ಫೀನಾಲ್, ಫಾರ್ಮಾಲಿನ್, ಚೂರೇ ಚೂರು ಕಾಸ್ಟಿಕ್ ಸೋಡಾ. ನೀರೆಲ್ಲ ಹೋಗಿ ಹಳದಿ ಮುದ್ದೆಯಾಗುವವರೆಗೆ ಕಾಯಿಸಬೇಕು. ಆಮೇಲೆ 250 ಡಿಗ್ರಿ ದಾಟಿ ಕುದಿಯುವ ಡೈಫೀನೈಲ್ ಈಥರಿನಲ್ಲಿ ಬೇಯಿಸಬೇಕು. ತಣಿದ ಮೇಲೆ ಬೇರ್ಪಡಿಸಿ ಟೊಲುಯಿನ್‌ನಲ್ಲಿ ಕರಗಿಸಿ ಬಿಟ್ಟರೆ, ಆ ಮುದ್ದೆಯ ಒಡಲಿನಿಂದ ಬೆಳ್ಳನೆಯ, ಹೊಳೆಯುವ ಹರಳುಗಳು. ದ್ರಾವಕ, ಕ್ಷಾರ, ಶಾಖ ಬದಲಿಸಿದರೆ ಆರು ಉಂಗುರದ್ದು, ಎಂಟು ಉಂಗುರದ್ದು ಕೈಗೆ ಬರುತ್ತವೆ.

ಈ ಬಟ್ಟಲು ಗಡುಸಲ್ಲ. ಕ್ಲೋರೋಫಾರ್ಮ್‌ನಲ್ಲಿ ಕರಗಿಸಿ, ಅಣುವಿನ ಹೈಡ್ರೋಜನ್ನುಗಳನ್ನು ಗೆರೆಗಳಾಗಿ ತೋರಿಸುವ ಎನ್‌ಎಮ್‌ಆರ್ ಯಂತ್ರಕ್ಕೆ ಕೊಡಿ. ತಣ್ಣಗಿರುವಾಗ ಕೊಂಡಿಯ ಎರಡು ಹೈಡ್ರೋಜನ್ನುಗಳು ಬೇರೆ ಬೇರೆಯಾಗಿ, ಒಂದು ಒಳಮುಖ, ಒಂದು ಹೊರಮುಖ ಎಂದು ಜೋಡಿ ಗೆರೆಗಳಲ್ಲಿ ತೋರುತ್ತವೆ. ನಿಧಾನಕ್ಕೆ ಬೆಚ್ಚಗೆ ಮಾಡುತ್ತಾ ಹೋಗಿ. ಗೆರೆಗಳು ಮಸುಕಾಗುತ್ತವೆ, ಒಂದರತ್ತ ಒಂದು ಸರಿಯುತ್ತವೆ, ಕೊನೆಗೆ ಒಂದೇ ಆಗುತ್ತವೆ. ಗಾಳಿಗೆ ಸಿಕ್ಕ ಕೊಡೆಯ ಹಾಗೆ ಬಟ್ಟಲು ಒಳಗು ಹೊರಗಾಗಿ ಮಗುಚಿಕೊಳ್ಳುತ್ತಿದೆ ಎನ್ನುವುದಕ್ಕೆ ಅದೇ ಗುರುತು. ಬುಡದ ಹೈಡ್ರಾಕ್ಸಿಲ್‌ಗಳಿಗೆ ಪ್ರೊಪೈಲ್ ಸರಪಳಿ ಕಟ್ಟಿದರೆ ಸಾಕು, ನಡುವಿನ ಕಿಂಡಿಯಲ್ಲಿ ಅದು ತೂರಲಾರದೆ ಬಟ್ಟಲು ಒಂದೇ ಭಂಗಿಯಲ್ಲಿ ನಿಂತುಬಿಡುತ್ತದೆ.

ಇನ್ನು ಅತಿಥಿಗಳು. 1979ರಲ್ಲಿ ಇಟಲಿಯ ಪಾರ್ಮಾದ ವಿಜ್ಞಾನಿಗಳು ಟೊಲುಯಿನ್‌ನಿಂದ ಬಂದ ಆ ಹರಳಿಗೆ ಕ್ಷ-ಕಿರಣ ಹಾಯಿಸಿದಾಗ, ಬಟ್ಟಲೊಳಗೆ ಟೊಲುಯಿನ್ ಅಣುವೊಂದು ಹಾಯಾಗಿ ಕೂತಿತ್ತು. ಗಟ್ಟಿ ಬಂಧ ಯಾವುದೂ ಇಲ್ಲ. ಗೋಡೆಗಳ ಸಣ್ಣ ಸಣ್ಣ ಸೆಳೆತ, ಅಷ್ಟೆ. ಇಂಥ ಆತಿಥ್ಯಕ್ಕೊಂದು ಹದವೂ ಇದೆ. ಮುಚ್ಚಿದ ಅಣುಕೋಶಗಳನ್ನು ಅಳೆದ ಮೆಕೋಜ್ಜಿ ಮತ್ತು ರೆಬೆಕ್ 1998ರಲ್ಲಿ ಹೇಳಿದ್ದು: ಒಳಜಾಗದ ಸುಮಾರು ಶೇಕಡಾ 55ರಷ್ಟು ತುಂಬಿದರೆ ಅತಿಥಿ ಅತ್ಯಂತ ಸುಖಿ. ಮಿಕ್ಕಿದ್ದು ಮಿಸುಕಾಡಲು. ಸಾಮಾನ್ಯ ದ್ರವಗಳಲ್ಲಿ ಅಣುಗಳು ತಂತಾವೇ ಇಟ್ಟುಕೊಳ್ಳುವ ಬಿಡುವೂ ಹೆಚ್ಚುಕಡಿಮೆ ಇಷ್ಟೇ.

ನನಗೆ ಅತ್ಯಂತ ಪ್ರಿಯವಾದದ್ದು ಎಂಟು ಉಂಗುರದ ಹಿರಿಯಣ್ಣನ ಕೆಲಸ. ಇಂಗಾಲದ ಮಸಿಯಲ್ಲಿ ಅರವತ್ತು ಪರಮಾಣುಗಳ ಚೆಂಡೂ ಇರುತ್ತದೆ, ಎಪ್ಪತ್ತರದೂ ಇರುತ್ತದೆ, ಬೇರ್ಪಡಿಸುವುದು ತಲೆನೋವು. 1994ರಲ್ಲಿ ಜಪಾನಿನ ಶಿಂಕಾಯ್ ತಂಡವೂ ಅಮೆರಿಕದ ಆಟ್‌ವುಡ್ ತಂಡವೂ ಬೇರೆ ಬೇರೆಯಾಗಿ ಈ ಕ್ಯಾಲಿಕ್ಸರೀನನ್ನು ಮಸಿಯ ಟೊಲುಯಿನ್ ದ್ರಾವಣಕ್ಕೆ ಬೆರೆಸಿದವು. ಅದು ಅರವತ್ತರ ಚೆಂಡನ್ನೇ ಆರಿಸಿಕೊಂಡಿತು. ಕಂದು ಹಳದಿಯ ಗಷ್ಟು ಮೆಲ್ಲನೆ ತಳಕ್ಕಿಳಿಯಿತು. ಅದನ್ನು ಸೋಸಿ ಕ್ಲೋರೋಫಾರ್ಮ್ ಹಾಕಿದರೆ ಬಟ್ಟಲು ಕರಗಿ ಹೋಗುತ್ತದೆ, ಚೆಂಡು ಶುದ್ಧವಾಗಿ ಉಳಿಯುತ್ತದೆ. ಹಿಡಿಯುವುದಕ್ಕೊಂದು ದ್ರಾವಕ, ಬಿಡುವುದಕ್ಕೊಂದು. ಎಂಥ ನಾಜೂಕು!

ಇದೇ ನಾಜೂಕು ಅಣುತ್ಯಾಜ್ಯದ ನಡುವೆಯೂ ದುಡಿಯುತ್ತಿದೆ. ಅಮೆರಿಕದ ಸವಾನಾ ರಿವರ್ ನೆಲೆಯ ತೊಟ್ಟಿಗಳಲ್ಲಿ ಸೋಡಿಯಂ ಸಮುದ್ರದಷ್ಟು, ವಿಕಿರಣ ಸೀಸಿಯಂ ಚಿಟಿಕೆಯಷ್ಟು. ಓಕ್ ರಿಡ್ಜ್ ಪ್ರಯೋಗಾಲಯದವರು ಕ್ಯಾಲಿಕ್ಸರೀನಿನ ಎರಡು ಉಂಗುರಗಳನ್ನು ಮೇಲಕ್ಕೆ, ಎರಡನ್ನು ಕೆಳಕ್ಕೆ ತಿರುಗಿಸಿ, ಎರಡೂ ತುದಿಗೆ ಆಮ್ಲಜನಕ ಪೋಣಿಸಿದ ಕಿರೀಟ ಕಟ್ಟಿದರು. ಸೋಡಿಯಂ ಅಲ್ಲಿ ತೀರಾ ಚಿಕ್ಕದು. ಸೀಸಿಯಂ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. 2008ರಲ್ಲಿ ಆ ಅಣು ಅಲ್ಲಿ ಸೀಸಿಯಂ ಹೆಕ್ಕುವ ಕೆಲಸಕ್ಕೆ ಇಳಿಯಿತು. ತೆಳು ನೈಟ್ರಿಕ್ ಆಮ್ಲ ತಾಕಿದರೆ ಹಿಡಿದದ್ದನ್ನು ಒಪ್ಪಿಸಿ, ಮುಂದಿನ ಸರದಿಗೆ ತಯಾರು. ಬಿಗಿಯಾಗಿ ಅಪ್ಪಿಕೊಂಡಿದ್ದರೆ ಈ ಅಣು ಒಂದೇ ಸಲಕ್ಕೆ ಮುಗಿದುಹೋಗುತ್ತಿತ್ತು. ಹಗುರ ಹಿಡಿತದಿಂದಲೇ ಅದು ಮತ್ತೆ ಮತ್ತೆ ದುಡಿಯುತ್ತದೆ.