ತಟ್ಟೆಯ ವೇಗ, ಗಾಯಕನ ಶ್ರುತಿ: ಕರೂಸೊ ಧ್ವನಿಮುದ್ರಿಕೆಯೊಂದರ ಪರಿಶೀಲನೆ

1902ರ ಏಪ್ರಿಲ್‌ನಲ್ಲಿ ಮಿಲಾನ್ ನಗರದ ಹೋಟೆಲೊಂದರಲ್ಲಿ ಫ್ರೆಡ್ ಗೈಸ್‌ಬರ್ಗ್ ಅವರು ಮುದ್ರಿಸಿಕೊಂಡ ಎನ್ರಿಕೊ ಕರೂಸೊ ಅವರ ಹಾಡುಗಳಲ್ಲಿ ‘ಊನಾ ಫುರ್ತೀವಾ ಲಾಗ್ರಿಮಾ’ ಒಂದು. ಇದು ಡೋನಿಜೆಟ್ಟಿಯವರ ‘ಲೆಲಿಸಿರ್ ದಾಮೋರೆ’ (1832) ಎಂಬ ಆಪೆರಾದ್ದು. ಸ್ವರಲಿಪಿಯಂತೆ ಇದರ ಆಧಾರಶ್ರುತಿ ಬಿ-ಫ್ಲಾಟ್ ಮೈನರ್, ಗತಿ ವಿಳಂಬ. ಕೊನೆಗೆ ಹಾಡು ಅದೇ ಶ್ರುತಿಯ ಮೇಜರ್‌ಗೆ ಹೊರಳುತ್ತದೆ. ಮುದ್ರಿಕೆಯಲ್ಲಿ ವಾದ್ಯವೃಂದವಿಲ್ಲ, ಪಿಯಾನೊ ಮಾತ್ರ.

ಇಂತಹ ಹಳೆಯ ತಟ್ಟೆಗಳನ್ನು ಕೇಳಿ ಗಾಯಕರ ಗತಿಯ ಬಗ್ಗೆ ನೇರವಾಗಿ ತೀರ್ಪು ನೀಡುವುದು ಅವಸರದ ವಿಮರ್ಶೆ. ಆಗಿನ ತಟ್ಟೆಗಳೆಲ್ಲ ನಿಮಿಷಕ್ಕೆ 78 ಸುತ್ತಿನ ನಿಯಮಕ್ಕೆ ಒಳಪಟ್ಟಿರಲಿಲ್ಲ. ವೇಗ ಸುಮಾರು ಶೇ. 6ರಷ್ಟು ಹೆಚ್ಚಿದರೆ ಶ್ರುತಿ ಅರ್ಧಸ್ವರ ಏರುತ್ತದೆ. 3 ನಿಮಿಷದ ಹಾಡು ಸುಮಾರು 10 ಸೆಕೆಂಡು ಕುಗ್ಗುತ್ತದೆ. ಕಂಠದ ಕಂಪನವೂ ಚುರುಕಾಗುತ್ತದೆ. ಆದ್ದರಿಂದ ತಟ್ಟೆಯನ್ನು ಲಿಪಿಯ ಶ್ರುತಿಗೆ ಹೊಂದಿಸಿದ ಬಳಿಕವೇ ಗತಿಯ ಮಾತು. ಇದೂ ನಿರಪಾಯವಲ್ಲ. ಗಾಯಕರು ಅನುಕೂಲಕ್ಕಾಗಿ ಶ್ರುತಿ ಇಳಿಸಿ ಹಾಡುವ ರೂಢಿಯಿತ್ತು. ಪಿಯಾನೊ ಒಂದೇ ಇದ್ದಾಗ ಅದು ಇನ್ನೂ ಸುಲಭ. ಅಲ್ಲಿ ಕಿವಿಯೇ ಪ್ರಮಾಣ: ಅಕಾರ, ಓಕಾರಗಳು ತೆಳುವಾಗಿ, ಕಂಪನ ಅಸಹಜವಾಗಿ ಕೇಳಿಸಿದರೆ ತಟ್ಟೆ ಓಡುತ್ತಿದೆ ಎಂದೇ ತಿಳಿಯಬೇಕು.

ಅದೇ ವರ್ಷದ ನವೆಂಬರ್‌ನಲ್ಲಿ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿದರು. ಅಲ್ಲಿ ಆಧಾರಶ್ರುತಿ ಗಾಯಕಿಯ ಆಯ್ಕೆ; ಹೋಲಿಸಿ ನೋಡಲು ಲಿಪಿಯೇ ಇಲ್ಲ. ಗೀಗೀ ಮೇಳದ ಹಳೆಯ ಟೇಪಿನಿಂದ ಗತಿಯನ್ನು ಅಳೆಯಹೊರಟ ಜಾನಪದ ಸಂಶೋಧಕರ ತೊಡಕೂ ಇದೇ. ಬರ್ಲಿನ್‌ನ ಫೋನೊಗ್ರಾಮ್ ಸಂಗ್ರಹಾಲಯಕ್ಕಾಗಿ ಸಿಲಿಂಡರ್ ಮುದ್ರಿಸುತ್ತಿದ್ದವರು ಹಾಡಿಗೆ ಮೊದಲು ಗೊತ್ತಾದ ಸ್ವರವೊಂದನ್ನು ಪೀಪಿಯಲ್ಲಿ ಊದಿ ದಾಖಲಿಸುವ ಪದ್ಧತಿಯಿತ್ತು. ಮಿಲಾನಿನ ತಟ್ಟೆಯಲ್ಲಿ ಅಂತಹ ಗುರುತಿಲ್ಲ. ನಮ್ಮ ಬಹುಪಾಲು ಕ್ಷೇತ್ರಕಾರ್ಯದ ಟೇಪುಗಳಲ್ಲಿಯೂ ಇಲ್ಲ.